ಗೆಳತಿಯ ಕೂಸಿಗೆ ಬಣ್ಣದ ಹೆಣಿಗೆ

ಪ್ರಶ್ನೆ: ಬಾಣಂತನಕ್ಕೆ ಚಿತ್ರದುರ್ಗದ ತವರಿಗೆ ಬಂದಿರುವ ನನ್ನ ಗೆಳತಿಯ ಮಗುವಿಗೆ, ಮೂರು ತಿಂಗಳು ತುಂಬುವ ಹೊತ್ತಿಗೆ ಬಣ್ಣಬಣ್ಣದ ಅಂಗಿ ಮತ್ತು ಕುಲಾವಿ ಹೆಣೆದುಕೊಡಬೇಕೆಂಬ ಆಸೆಯಿದೆ. ಯಾವ ನೂಲು ಒಳ್ಳೆಯದು? ಬಣ್ಣ ಬಿಡದಂತೆ ಏನು ಮಾಡಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಮ್ಮ ಸೀಮೆಯ ಬಿಸಿಲಿಗೆ ಬೆವರು ಹೀರುವ ಮೃದುವಾದ ಹತ್ತಿ ನೂಲೇ ಸರಿ. ಚಳ್ಳಕೆರೆಯ ಕಂಬಳಿಯ ಉಣ್ಣೆ ಎಷ್ಟೇ ಬೆಚ್ಚಗಿದ್ದರೂ ಎಳೆಯ ಚರ್ಮಕ್ಕೆ ಒರಟು. ಗಾಢ ಕೆಂಪು, ನೀಲಿ ನೂಲುಗಳ ತುಂಡುಗಳನ್ನು ಮೊದಲು ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಒತ್ತಿಟ್ಟು ನೋಡಿ. ಕಲೆ ಕಂಡರೆ ಆ ನೂಲನ್ನು ಬಿಟ್ಟುಬಿಡುವುದೇ ಕ್ಷೇಮ, ಏಕೆಂದರೆ ಕೂಸು ಅಂಗಿಯ ಅಂಚನ್ನು ಬಾಯಿಗಿಡದೆ ಇರುವುದಿಲ್ಲ.

ಒಂದೇ ಸಾಲಿನಲ್ಲಿ ಹಲವು ಬಣ್ಣ ಬೆರೆಸಿದರೆ ಒಳಮೈಯಲ್ಲಿ ಉದ್ದುದ್ದ ಎಳೆಗಳು ಉಳಿದು ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಅಡ್ಡಪಟ್ಟಿಗಳಲ್ಲಿ ಬಣ್ಣ ಬದಲಿಸಿ, ತುದಿಗಳನ್ನು ಸೂಜಿಯಿಂದ ಒಳಗೆ ನೇಯ್ದುಬಿಡಿ. ಅಂಗಿ ಶುರುಮಾಡುವ ಮುನ್ನ ಒಂದು ಚೌಕ ಹೆಣೆದು, ಒಗೆದು, ಒಣಗಿಸಿ ಅಳೆಯುವುದನ್ನು ದಯವಿಟ್ಟು ತಪ್ಪಿಸಬೇಡಿ: 10 ಸೆಂ.ಮೀ.ಗೆ 20 ಕುಣಿಕೆ ಬಂದರೆ, 45 ಸೆಂ.ಮೀ. ಸುತ್ತಳತೆಗೆ 90 ಕುಣಿಕೆ ಬೇಕಾಗುತ್ತದೆ. ಈ ವಯಸ್ಸಿನ ಎದೆಯಳತೆ ಸುಮಾರು 40 ಸೆಂ.ಮೀ. ಇರುವುದರಿಂದ ಅಷ್ಟು ಸಡಿಲ ಹಿತಕರ. ಕುಲಾವಿ ಮಾತ್ರ ತಲೆಯಳತೆಗಿಂತ ಎರಡು ಸೆಂ.ಮೀ. ಕಿರಿದಾಗಿರಲಿ, ಹೆಣಿಗೆ ತಾನೇ ಹಿಗ್ಗುತ್ತದೆ.

ಕುತ್ತಿಗೆಗೆ ಕಟ್ಟುವ ದಾರ ಬೇಡವೇ ಬೇಡ. ಗುಂಡಿಗಳನ್ನು ಭುಜದ ಮೇಲೆ ಬಿಗಿಯಾಗಿ ಹೊಲಿದರೆ, ನಿದ್ದೆಯಲ್ಲಿರುವ ಕೂಸಿಗೂ ಅಂಗಿಯನ್ನು ಸುಲಭವಾಗಿ ತೊಡಿಸಬಹುದು.