ಅಪ್ಪನಿಗೆ ಹೇಳದೇ ಅರ್ಜಿ ಹಾಕಿಬಿಡಲಾ ಅಕ್ಕಾ?

ಅಕ್ಕಾ, ನಮ್ಮದು ಗುಳೇದಗುಡ್ಡದ ಹತ್ತಿರದ ಹಳ್ಳಿ. ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದೇನೆ. ಅಪ್ಪ ಖಣ ನೇಯುತ್ತಾರೆ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಒಬ್ಬ ಅಕ್ಕ ಶನಿವಾರ ಶನಿವಾರ ಶಾಲೆಗೆ ಬಂದು ನಮಗೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಸಿದರು. ಅಪ್ಪನ ಕೂಲಿ ಲೆಕ್ಕ ಹಾಕುವ ಪ್ರೋಗ್ರಾಂ ನಾನೇ ಬರೆದೆ. ಈಗ ಅವರು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿದ್ದಾರೆ. ನನಗೂ ಸಾಫ್ಟ್‌ವೇರ್ ಇಂಜಿನಿಯರ್ ಆಗಬೇಕು. ಅಪ್ಪ ಇಲ್ಲೇ ಕಾಮರ್ಸ್ ಓದು ಅಂತಾರೆ. ‘ಎಐ ಬಂದಿದೆ, ಕಂಪ್ಯೂಟರ್ ಓದಿದವರೇ ಮನೇಲಿ ಕೂತಿದ್ದಾರೆ’ ಅಂತಾರೆ ಕಾಕಾ. ಗೆಳತಿಯ ಅಣ್ಣ ಡಿಪ್ಲೊಮಾಗೆ ಅರ್ಜಿ ತುಂಬಿ ಕೊಡುತ್ತಾನಂತೆ, ಮನೇಲಿ ಆಮೇಲೆ ಹೇಳು ಅಂತಾನೆ. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ. ಏನು ಮಾಡಲಿ?

ತಂಗಿ, ಕದ್ದು ಅರ್ಜಿ ಹಾಕಬೇಡ. ಅರ್ಜಿ ತುಂಬೋದು ಸುಲಭ. ಸೀಟು ಸಿಕ್ಕಿದ ಮೇಲೆ ಆದಾಯ ಪ್ರಮಾಣಪತ್ರ, ಫೀಸು, ಸಹಿ, ಎಲ್ಲಕ್ಕೂ ಅಪ್ಪನೇ ಬೇಕು. ಅವತ್ತು ಮನೇಲಿ ಡಿಪ್ಲೊಮಾ ಮಾತೇ ಬರೋದಿಲ್ಲ, ನೀನು ಮುಚ್ಚಿಟ್ಟಿದ್ದೇ ದೊಡ್ಡದಾಗುತ್ತೆ. ನಂಬಿಕೆ ಹೋದರೆ ಕಾಮರ್ಸಿಗೂ ಕಳಿಸದೇ ಇರಬಹುದು.

ನನಗನಿಸೋದು, ನೀನು ಅಪ್ಪನ ಹತ್ತಿರ ಒಂದೇ ಸಲಕ್ಕೆ ಬಹಳ ಕೇಳ್ತಿದ್ದೀಯ. ‘ಸಾಫ್ಟ್‌ವೇರ್ ಇಂಜಿನಿಯರ್’ ಅಂದಾಗ ನಿನಗೆ ಕೆಲಸ ಕಾಣುತ್ತೆ. ಅವರಿಗೆ ಬೆಂಗಳೂರು, ಹಾಸ್ಟೆಲ್, ಸಾಲ, ನಿನ್ನ ಮದುವೆ, ಓಣಿಯವರ ಮಾತು ಎಲ್ಲಾ ಒಟ್ಟಿಗೇ ಕಣ್ಣಮುಂದೆ ಬರುತ್ತೆ. ಅಷ್ಟಕ್ಕೂ ಇವತ್ತೇ ಹೂಂ ಅನ್ನು ಅಂದ್ರೆ ಹೇಗೆ? ಮುಂದಿನ ಮೂರು ವರ್ಷದ ಡಿಪ್ಲೊಮಾ ಮಾತಷ್ಟೇ ಕೇಳು. ಬೆಳಿಗ್ಗೆ ಬಸ್ಸಿಗೆ ಬಾಗಲಕೋಟೆಗೆ ಹೋಗಿ ಸಂಜೆ ಮನೆಗೆ ಬರೋದು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರೋದರಿಂದ ಬಸ್ಸಿನ ಖರ್ಚೂ ಇಲ್ಲ. ಒಂದು ದಿನ ಅವ್ವನನ್ನೂ ಅಪ್ಪನನ್ನೂ ಕರಕೊಂಡು ಹೋಗಿ ಕಾಲೇಜು ತೋರಿಸು.

ಆದರೆ ಅದಕ್ಕೂ ಮೊದಲು ನಿನ್ನ ಪ್ರೋಗ್ರಾಂ ತೋರಿಸು. ಅಪ್ಪ ಅದನ್ನ ನೋಡಿದ್ದಾರಾ? ಪತ್ರದಲ್ಲಿ ನೀನು ಅದನ್ನ ಹೇಳಿಲ್ಲ, ಅವರು ನೋಡಿಲ್ಲ ಅಂತಲೇ ನನ್ನ ಅನುಮಾನ. ಒಂದು ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು, ಎಷ್ಟು ಖಣ ಆಯ್ತು, ಒಂದಕ್ಕೆ ಎಷ್ಟು ಅಂತ ಅವರನ್ನೇ ಕೇಳಿ, ಅವರೆದುರಿಗೇ ಟೈಪ್ ಮಾಡು. ಅಂಕಿಗಳನ್ನ ಕನ್ನಡದಲ್ಲೇ ಹಾಕು. ಹೌದು, ಪೈಥಾನ್ ೩೫೦ ಅನ್ನೋದನ್ನ 350 ಅಂತಲೇ ಓದಿಕೊಳ್ಳುತ್ತೆ. ಇನ್‌ಪುಟ್‌ನಲ್ಲಿ ಬಂದದ್ದನ್ನ, ಅದನ್ನ ಸಂಖ್ಯೆಯಾಗಿ ಬದಲಿಸೋ ಇಂಟ್‌ಗೆ ಕೊಟ್ಟು ನೋಡು, ಬೇರೇನೂ ಮಾಡಬೇಕಿಲ್ಲ. ‘ಮೂರು’ ಅಂತ ಅಕ್ಷರದಲ್ಲಿ ಬರೆದರೆ ವ್ಯಾಲ್ಯೂಎರರ್ ಅಂತ ತಪ್ಪು ತೋರಿಸಿ ನಿಂತುಬಿಡುತ್ತೆ. ಆಮೇಲೆ ಅಪ್ಪ ಖಂಡಿತ ಕೇಳ್ತಾರೆ, ‘ಮುಂಗಡ ತಗೊಂಡಿದ್ದು ಎಲ್ಲಿ ಮುರೀತು?’ ಅಂತ. ಅಲ್ಲಿಗೆ ನಿನಗೆ ಮುಂದಿನ ಕೆಲಸ ಸಿಕ್ಕಿತು. ಮುಂಗಡ ಕಳೆಯೋ ಸಾಲು ಸೇರಿಸಿ ಮಾರನೇ ದಿನ ಮತ್ತೆ ತೋರಿಸು. ಮಗಳು ಕಲಿತಿದ್ದು ತನ್ನ ಮಗ್ಗದ ಲೆಕ್ಕಕ್ಕೇ ಬಂತು ಅಂತ ಕಂಡ ಮೇಲೆ ಓದಿನ ಮಾತು ತೆಗೆಯೋದು ನಿನಗೂ ಸುಲಭ.

ಇಂಗ್ಲಿಷ್ ಚಿಂತೆ ಬಗ್ಗೆ. ಪೈಥಾನ್‌ನಲ್ಲಿ ಅದರದೇ ಅಂತ ಇರೋ ಪದಗಳು 35. ಅದರಲ್ಲಿ ಅರ್ಧ ನಿನಗೆ ಆಗಲೇ ಗೊತ್ತಿರುತ್ತೆ. ಎರರ್ ಬಂದಾಗ ಹೆದರದೇ ಕೊನೇ ಸಾಲು ಮೊದಲು ಓದು, ಏನು ತಪ್ಪಾಯ್ತು ಅಂತ ಅಲ್ಲೇ ಇರುತ್ತೆ. ಮುಂದೆ ದೊಡ್ಡ ಪುಸ್ತಕ ಓದೋಕೆ, ಸಂದರ್ಶನಕ್ಕೆ ಇಂಗ್ಲಿಷ್ ಬೇಕೇ ಬೇಕು, ಸುಳ್ಳು ಹೇಳಲ್ಲ. ಅದು ಓದ್ತಾ ಓದ್ತಾ ಬರುತ್ತೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದ ಪಾಠಗಳೂ ಇವೆ, ಪುಕ್ಕಟೆ. ಪಂಚಾಯಿತಿಯ ಗ್ರಂಥಾಲಯ, ಅಂದ್ರೆ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆಯಾ ವಿಚಾರಿಸು.

ಕಾಕಾನ ಮಾತು ಪೂರ್ತಿ ಸುಳ್ಳಲ್ಲ. ನಿನ್ನ ಪ್ರೋಗ್ರಾಂನ ಎಐ ಕ್ಷಣದಲ್ಲಿ ಬರೆದುಕೊಡುತ್ತೆ. ಆದರೆ ಮುಂಗಡ ಮುರಿಯೋದು ಅಂತ ಒಂದಿದೆ, ಡಿಸೈನ್ ಬದಲಾದರೆ ಕೂಲಿ ಬದಲಾಗುತ್ತೆ ಅಂತ ಅದಕ್ಕೆ ಯಾರು ಹೇಳಬೇಕು? ಮೊತ್ತ ತಪ್ಪಿದರೆ ಯಾರು ಹಿಡೀಬೇಕು? ಕೆಲಸವೂ ಗೊತ್ತಿದ್ದು ಕೋಡೂ ಓದೋಕೆ ಬರೋರು. ಅದಕ್ಕೇ ಗಣಿತ ಬಿಡಬೇಡ. ಕಲಿಯೋ ದಿನಗಳಲ್ಲಿ ಎಐಯಿಂದ ಬರೆಸಿಕೊಳ್ಳಬೇಡ, ನೀನು ಬರೆದದ್ದನ್ನ ತೋರಿಸಿ ಎಲ್ಲಿ ಎಡವಿದೆ ಅಂತ ಕೇಳು.

ಪಿಯುಸಿ ಸೈನ್ಸಾ, ಡಿಪ್ಲೊಮಾನಾ ಅಂದ್ರೆ ನಿನ್ನ ಮನೆ ಪರಿಸ್ಥಿತಿಗೆ ನಾನು ಡಿಪ್ಲೊಮಾ ಅಂತೀನಿ. ಕಾರಣ ನೇರವಾಗಿ ಹೇಳ್ತೀನಿ. ನಡುವೆ ಒಳ್ಳೇ ಸಂಬಂಧ ಬಂತು, ಓದು ಸಾಕು ಅಂತ ಮನೇಲಿ ಶುರುವಾದರೆ, ಬರೀ ಪಿಯುಸಿಯಿಂದ ಕೈಗೆ ಏನೂ ಬರೋದಿಲ್ಲ. ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮೂರು ವರ್ಷಕ್ಕೆ ಮುಗಿಯುತ್ತೆ, ಅದರ ಮೇಲೆ ಕೆಲಸಕ್ಕೂ ಸೇರಬಹುದು. ಓದಬೇಕು ಅಂದ್ರೆ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇಗೆ ನೇರ ಎರಡನೇ ವರ್ಷಕ್ಕೆ ಸೇರಬಹುದು. 1963ರಿಂದ ಇರೋ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಬಾಗಲಕೋಟೆಯಲ್ಲೇ ಇದೆ, ಬಿಇ ಅಂದ ತಕ್ಷಣ ಬೆಂಗಳೂರೇ ಆಗಬೇಕಿಲ್ಲ ಅಂತ ಅಪ್ಪನಿಗೆ ಹೇಳು. ಪಿಯುಸಿ ಸೈನ್ಸೇ ಅಂತಾದರೆ, ಮುಂದೆ ಸಿಇಟಿ ಸೀಟಿನಲ್ಲಿ ಗ್ರಾಮೀಣದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಿದೆ. ಒಂದರಿಂದ ಹತ್ತರವರೆಗೆ ಎಲ್ಲಿ, ಯಾವ ಮೀಡಿಯಂನಲ್ಲಿ ಓದಿದೆ ಅನ್ನೋ ಪ್ರಮಾಣಪತ್ರ ಬೇಕಾಗುತ್ತೆ, ಹೆಡ್‌ಮಾಸ್ಟರ ಹತ್ತಿರ ಈಗಲೇ ಕೇಳು.

ದುಡ್ಡಿಗೆ, ತಾಂತ್ರಿಕ ಶಿಕ್ಷಣ ನೋಡಿಕೊಳ್ಳೋ ಕೇಂದ್ರದ ಸಂಸ್ಥೆ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್ ಇದೆ. ಡಿಪ್ಲೊಮಾ, ಡಿಗ್ರಿ ಸೇರಿದ ಹೆಣ್ಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ, ಮನೆಯ ಆದಾಯ 8 ಲಕ್ಷದೊಳಗಿರಬೇಕು. ಅಂಕ ನೋಡಿ ಕೊಡ್ತಾರೆ, ಗ್ಯಾರಂಟಿ ಇಲ್ಲ. ಸೇರಿದ ಮೊದಲ ವರ್ಷವೇ ಹಾಕಬೇಕು.

ಇಷ್ಟಾದರೂ ಅಪ್ಪ ಕಾಮರ್ಸೇ ಅಂದ್ರೆ ಊಟ ಬಿಟ್ಟು ಕೂರಬೇಡ. ಕಂಪ್ಯೂಟರ್ ಸೈನ್ಸ್ ಒಂದು ವಿಷಯ ಇರೋ ಕಾಮರ್ಸ್ ಕಾಂಬಿನೇಷನ್ ಕೇಳಿ ತಗೋ. ಅಲ್ಲಿಂದ ಬಿಸಿಎ, ಆಮೇಲೆ ಎಂಸಿಎ. ದಾರಿ ಸುತ್ತು, ಆದರೆ ಇದೆ.

ಬೆಂಗಳೂರಿಗೆ ಹೋದ ಅಕ್ಕನನ್ನ ಬಿಡಬೇಡ, ಇವತ್ತೇ ಫೋನ್ ಮಾಡು. ಭಾನುವಾರ ಒಂದು ಗಂಟೆ ನಿನಗೂ ನಿನ್ನ ಗೆಳತಿಯರಿಗೂ ಕೊಡ್ತೀರಾ ಅಂತ ಕೇಳು. ಅಪ್ಪನ ಜೊತೆ ಒಮ್ಮೆ ಮಾತಾಡಿ ಅಂತಲೂ ಕೇಳು. ನಮ್ಮ ಕಡೆಯ ಹುಡುಗಿಯೇ ಓದಿ ಕೆಲಸಕ್ಕೆ ಸೇರಿ, ‘ಕಾಕಾ, ನಾನೂ ಹೀಗೇ ಬಸ್ಸಲ್ಲಿ ಓಡಾಡಿ ಓದಿದೆ’ ಅಂದ್ರೆ, ನನ್ನ ಈ ಉದ್ದ ಪತ್ರಕ್ಕಿಂತ ಅಪ್ಪನಿಗೆ ಅದು ಜಾಸ್ತಿ ತಾಗುತ್ತೆ.