ಮಡಚಿ ಏಳಲು ಬಾರದವರಿಗೆ ಪೋಕರ್

ಕೊಡಗಿನ ಪೊನ್ನಂಪೇಟೆ ಕಡೆಯ ಹಿರಿಯ ಓದುಗರೊಬ್ಬರ ಪತ್ರ: ‘ಕೈಲ್ ಮುಹೂರ್ತಕ್ಕೆ ಬೆಂಗಳೂರಿನಿಂದ ಬಂದ ಮಗ, ಊಟ ಆದ ಮೇಲೆ ದಾಯಾದಿ ಮಕ್ಕಳನ್ನೆಲ್ಲ ಜಗಲಿಯಲ್ಲಿ ಕೂರಿಸಿ ಪೋಕರ್ ಅನ್ನೋ ಇಸ್ಪೀಟಾಟ ಕಲಿಸಿದ. ಪಣಕ್ಕೆ ಕಾಫಿ ಬೀಜ. ಫ್ಲಶ್ ದೊಡ್ಡದೋ ಸ್ಟ್ರೈಟ್ ದೊಡ್ಡದೋ ಅಂತ ಅರ್ಧ ಗಂಟೆ ಜಗಳ ಬೇರೆ. ಕೋವಿ ಪೂಜೆ ಮಾಡಿದ ಮನೆಯಲ್ಲಿ ಜೂಜೇ? ನಮಗೆಲ್ಲ ರಮ್ಮಿ ಸಾಕಾಗಿತ್ತು. ನೀವು ಇದರ ವಿರುದ್ಧ ಬರೆಯಬೇಕು.’

ಬರೆಯುತ್ತೇನೆ. ವಿರುದ್ಧ ಮಾತ್ರ ಬರೆಯಲಾರೆ.

ಇಸ್ಪೀಟಿನಲ್ಲಿ ತೋಟ ಕಳೆದುಕೊಂಡವರು ನಮ್ಮ ಜಿಲ್ಲೆಯಲ್ಲಿ ಇಲ್ಲ ಅಂತ ನಾನೂ ಹೇಳುವುದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ನಿಷೇಧಿಸಿತು. ಅದಕ್ಕೂ ನನ್ನ ತಕರಾರಿಲ್ಲ. ಇಷ್ಟು ಹೇಳಿ ಆ ಕಡೆಯ ಮಾತು ಮುಗಿಸುತ್ತೇನೆ.

ಈಗ ನಿಮ್ಮ ರಮ್ಮಿ. ಅದು ಬರೀ ಅದೃಷ್ಟದ ಆಟವಲ್ಲ, ಬಿದ್ದ ಎಲೆ ನೆನಪಿಟ್ಟುಕೊಳ್ಳುವ ಜಾಣತನ ಬೇಕು ಎಂದು 1967ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸರಿ. ಪೋಕರ್‌ಗೆ ಅಷ್ಟೂ ಜಾಣತನ ಬೇಡ ಅಂತ ನಿಮಗೆ ಹೇಳಿದವರು ಯಾರು? ನೀವು ಆಟ ನೋಡಿದ್ದೀರಿ, ಕೂತು ಆಡಿಲ್ಲ, ಅಲ್ವಾ?

ನಿಮ್ಮ ಮಗ ಕಲಿಸಿದ್ದು ಬಹುಶಃ ಟೆಕ್ಸಾಸ್ ಹೋಲ್ಡೆಮ್. ಎಲೆ ಹಂಚುವ ಮೊದಲೇ ಡೀಲರ್‌ನ ಎಡಕ್ಕೆ ಕೂತ ಇಬ್ಬರು ಪಣ ಇಡಬೇಕು. ಅದು ಬ್ಲೈಂಡ್. ಒಬ್ಬೊಬ್ಬರಿಗೆ ಎರಡು ಎಲೆ, ಮುಚ್ಚಿ. ಆಮೇಲೆ ನಡುವೆ ಎಲ್ಲರಿಗೂ ಸೇರಿದ ಮೂರು ಎಲೆ ತೆರೆಯುತ್ತಾರೆ, ಫ್ಲಾಪ್. ಮತ್ತೊಂದು, ಟರ್ನ್. ಕೊನೆಯದು, ರಿವರ್. ಈ ಏಳರಲ್ಲಿ ಒಳ್ಳೆಯ ಐದು ನಿಮ್ಮ ಕೈ. ಪ್ರತಿ ಹಂತದಲ್ಲೂ ಪಣದ ಒಂದು ಸುತ್ತು: ಎದುರಿನವನಷ್ಟೇ ಇಟ್ಟರೆ ಕಾಲ್, ಏರಿಸಿದರೆ ರೈಸ್, ಬೇಡ ಅನಿಸಿದರೆ ಎಲೆ ಮಡಚಿಟ್ಟು ಫೋಲ್ಡ್. ಉಳಿದವರೆಲ್ಲ ಮಡಚಿಟ್ಟರೆ ಕೊನೆಗೆ ಉಳಿದವನು ಎಲೆ ತೋರಿಸದೆಯೇ ಗೆಲ್ಲುತ್ತಾನೆ. ಕೈ ಚೆನ್ನಾಗಿಲ್ಲದಿದ್ದರೂ ಇದೆ ಅಂತ ನಂಬಿಸಿ ಪಣ ಏರಿಸುವ ಬ್ಲಫ್ ಹುಟ್ಟುವುದೇ ಇಲ್ಲಿ. ಅದನ್ನು ಬರೀ ಮೋಸ ಅನ್ನಬೇಡಿ. ಜಾನ್ ವಾನ್ ನಾಯ್ಮನ್‌ನಂಥ ಗಣಿತಜ್ಞ ಕೂತು ಲೆಕ್ಕ ಹಾಕಿ, ಆಗಾಗ ಬ್ಲಫ್ ಮಾಡುವುದು ಸರಿಯಾದ ಆಟದ ಭಾಗವೇ ಎಂದು ತೋರಿಸಿದ್ದಾನೆ.

ಜಗಲಿಯ ಜಗಳವನ್ನೂ ಇಲ್ಲೇ ತೀರಿಸಿಬಿಡೋಣ. 52 ಎಲೆಯಲ್ಲಿ ಐದೈದರ ಕೈ ಒಟ್ಟು 25,98,960. ಅದರಲ್ಲಿ ಸಾಲಾಗಿ ಬರುವ ಸ್ಟ್ರೈಟ್ 10,200. ಐದೂ ಇಸ್ಪೀಟೋ ಐದೂ ಕಳಾವರವೋ ಆಗುವ ಫ್ಲಶ್ 5,108 ಮಾತ್ರ. ಅಪರೂಪದ್ದೇ ದೊಡ್ಡದು, ಹಾಗಾಗಿ ಫ್ಲಶ್. ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, ಹತ್ತು ಕೂಡಿದ ರಾಯಲ್ ಫ್ಲಶ್ ಬರೀ ನಾಲ್ಕು! ಅರ್ಧಕ್ಕಿಂತ ಒಂದಿಷ್ಟು ಜಾಸ್ತಿ ಕೈಗಳಲ್ಲಿ ಒಂದು ಜೋಡಿಯೂ ಇರುವುದಿಲ್ಲ. ಪಿಯುಸಿಯಲ್ಲಿ ನಮಗೆ ಇದೇ ಲೆಕ್ಕವನ್ನು ಚೀಲದೊಳಗಿನ ಕೆಂಪು ಚೆಂಡು, ನೀಲಿ ಚೆಂಡು ಅಂತ ಕಲಿಸಿದರು. ಒಂದು ಕಟ್ಟು ಇಸ್ಪೀಟು ಮೇಜಿನ ಮೇಲೆ ಇಟ್ಟಿದ್ದರೆ ಯಾವ ಹುಡುಗ ನಿದ್ದೆ ಮಾಡುತ್ತಿದ್ದ?

ಈ ಆಟ ಬೆಳೆದದ್ದು ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ, ನ್ಯೂ ಆರ್ಲಿಯನ್ಸ್ ಸುತ್ತ, ಮಿಸಿಸಿಪ್ಪಿ ನದಿಯ ಹಡಗುಗಳಲ್ಲಿ. ಆಗ ಇಪ್ಪತ್ತೇ ಎಲೆ, ನಾಲ್ಕೇ ಜನ. ಎದುರಿನವನ ಕಣ್ಣು, ಕೈ, ಉಸಿರು ನೋಡಿ ಆಡಬೇಕಿತ್ತು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ ಇಂಟರ್‌ನೆಟ್‌ನಲ್ಲಿ 86 ಡಾಲರ್ ಕಟ್ಟಿ ಅರ್ಹತೆ ಪಡೆದ, ಲಾಸ್ ವೇಗಸ್‌ನ ಪೋಕರ್ ವಿಶ್ವ ಸರಣಿಯಲ್ಲಿ 25 ಲಕ್ಷ ಡಾಲರ್ ಗೆದ್ದ. ಹೆಸರು ಅವನದೇ, ಸುಮ್ನೆ ಕಟ್ಟಿದ ಕಥೆಯಲ್ಲ. ಅಲ್ಲಿಂದ ಜಗತ್ತೆಲ್ಲ ಪರದೆಯ ಮುಂದೆ ಕೂತಿತು. ನನಗೆ ಸಿಟ್ಟು ಇರುವುದು ಅದರ ಮೇಲೆ. ನಡುರಾತ್ರಿ ಕಂಬಳಿಯೊಳಗೆ ಒಬ್ಬನೇ ಫೋನ್ ಒತ್ತುವವನಿಗೆ ‘ಸಾಕು ಏಳೋ’ ಅನ್ನಲು ಯಾರಿದ್ದಾರೆ? ನಿಮ್ಮ ಜಗಲಿಯಲ್ಲಿ ನೀವಿದ್ದಿರಿ.

ಪೋಕರ್ ಕಲಿಸುವ ದೊಡ್ಡ ವಿದ್ಯೆ ಮಡಚುವುದು. ಚೆನ್ನಾಗಿ ಆಡುವವರು ಬಹುಪಾಲು ಕೈಗಳನ್ನು ಶುರುವಿನಲ್ಲೇ ಬಿಡುತ್ತಾರೆ. ಇಷ್ಟು ಹಾಕಿದ್ದೇನಲ್ಲ, ಇನ್ನಷ್ಟು ಹಾಕೋಣ ಅನ್ನುವವನು ಸೋಲುತ್ತಾನೆ. ಹಾಗೆ ನೋಡಿದರೆ ನಾವು ಕಾಫಿ ಬೆಳೆಗಾರರು ವರ್ಷವೂ ಬ್ಲೈಂಡ್ ಇಡುವವರೇ. ಹೂ ಅರಳಿಸುವ ಹೂಮಳೆ ಫ್ಲಾಪ್, ಅದಾದ ಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಟರ್ನ್, ಕೊಯ್ಲಿನ ಹೊತ್ತಿನ ರೇಟು ರಿವರ್. ಒಳ್ಳೆಯ ರೇಟು ಬಂದಾಗ ಕೊಡದೆ, ಇನ್ನೂ ಏರುತ್ತೆ ಅಂತ ಗೋದಾಮಿನಲ್ಲಿ ಮೂಟೆ ಇಟ್ಟುಕೊಂಡು ಕೂತವರನ್ನು ನೀವೂ ಕಂಡಿದ್ದೀರಿ. ಅವರನ್ನು ಯಾರೂ ಜೂಜುಕೋರರು ಅನ್ನುವುದಿಲ್ಲ, ಅನುಭವಸ್ಥರು ಅನ್ನುತ್ತಾರೆ.

ಇನ್ನು ಜಾಗದ ವ್ಯಾಜ್ಯಗಳು. ನಮ್ಮಲ್ಲಿ ಅಪ್ಪ ಹಾಕಿದ ಕೇಸನ್ನು ಮಗ ಆಸ್ತಿ ಥರ ಪಡೆಯುತ್ತಾನೆ. ನನಗೆ ಗೊತ್ತಿರುವ ಅಣ್ಣ ತಮ್ಮ ಇಬ್ಬರು, ತೋಟಕ್ಕೆ ಹೋಗುವ ಒಂದು ಜೀಪು ದಾರಿಗಾಗಿ ವರ್ಷಗಟ್ಟಲೆ ಕೋರ್ಟು ಹತ್ತಿ ಇಳಿಯುತ್ತಿದ್ದಾರೆ. ವಕೀಲರಿಗೆ ಕೊಟ್ಟ ದುಡ್ಡಿನಲ್ಲಿ ಇಬ್ಬರೂ ಬೇರೆ ಬೇರೆ ದಾರಿ ಮಾಡಿಸಿ ಕಾಂಕ್ರೀಟೂ ಹಾಕಿಸಬಹುದಿತ್ತು. ಒಬ್ಬರ ಹತ್ತಿರವೂ ಗೆಲ್ಲುವ ಎಲೆ ಇಲ್ಲ, ಮಡಚಲು ಇಬ್ಬರೂ ತಯಾರಿಲ್ಲ. ಮುಂದಿನ ವಾಯಿದೆ ಮತ್ತೆ ಬಿದ್ದಿದೆಯಂತೆ. ಇಸ್ಪೀಟು ಮುಟ್ಟಿದವರಲ್ಲ ಇಬ್ಬರೂ. ಊರಿನಲ್ಲಿ ಭಾರಿ ಒಳ್ಳೆಯ ಹೆಸರು.