ಯುದ್ಧಕಾಲದ ಜೀಪಿನ ಫ್ರೇಮ್ ಅಸಲಿಯೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. 1943ರ ಫೋರ್ಡ್ ಜಿಪಿಡಬ್ಲ್ಯು ಎಂದು ಹೇಳಿ ಒಬ್ಬರು ನಿಮಗೆ ಜೀಪು ಮಾರಲು ಬಂದಿದ್ದಾರೆ. ಡ್ಯಾಶ್‌ಬೋರ್ಡಿನ ತಗಡಿನಲ್ಲೂ ಹಾಗೇ ಬರೆದಿದೆ. ಆದರೆ ಮುಂದೆ ಬಗ್ಗಿ ನೋಡಿದರೆ ರೇಡಿಯೇಟರ್ ಕೆಳಗೆ ದುಂಡನೆಯ ಪೈಪ್ ಕಾಣುತ್ತಿದೆ. ಫ್ರೇಮ್, ಅಂದರೆ ಬಾಡಿ ಎಂಜಿನ್ ಎರಡನ್ನೂ ಹೊರುವ ಕೆಳಗಿನ ಉಕ್ಕಿನ ಚೌಕಟ್ಟು, ಅಸಲಿಯೇ, ಬದಲಾಯಿಸಿದ್ದೇ ಎಂದು ಕೇಳಿದ್ದೀರಿ.

ನಿಮ್ಮ ಅನುಮಾನ ಸರಿಯಾಗಿದೆ. ಎರಡನೇ ಮಹಾಯುದ್ಧದ ಈ ಜೀಪನ್ನು ಎರಡು ಕಂಪನಿಗಳು ಮಾಡಿದವು, ವಿಲ್ಲಿಸ್ ಮಾಡಿದ್ದು ಎಂಬಿ, ಫೋರ್ಡ್ ಮಾಡಿದ್ದು ಜಿಪಿಡಬ್ಲ್ಯು. ಆ ದುಂಡು ಪೈಪು ವಿಲ್ಲಿಸ್ ಎಂಬಿ ಜೀಪಿನ ಗುರುತು. ಫೋರ್ಡ್ ಫ್ರೇಮಿನಲ್ಲಿ ಆ ಜಾಗದಲ್ಲಿ ಪೈಪ್ ಇರುವುದಿಲ್ಲ. ಬೋರಲು ಹಾಕಿದ ತೊಟ್ಟಿಯ ಹಾಗೆ, ಕೆಳಗಡೆ ಬಾಯಿ ತೆರೆದಿರುವ ಚೌಕ ಆಕಾರದ ಅಡ್ಡಪಟ್ಟಿ ಇರುತ್ತದೆ. ಬೆರಳು ಕೆಳಗಿನಿಂದ ಒಳಗೆ ಹೋದರೆ ಫೋರ್ಡ್, ಸುತ್ತಲೂ ದುಂಡಗೆ ಕೈಗೆ ಸಿಕ್ಕರೆ ವಿಲ್ಲಿಸ್. ಕತ್ತಲಲ್ಲೂ ಗುರುತಿಸಬಹುದಾದ ವ್ಯತ್ಯಾಸ ಇದು. ಹಾಗಾಗಿ ನಿಮ್ಮ ಮುಂದೆ ಎರಡು ಸಾಧ್ಯತೆ ಇವೆ. ಇಡೀ ಫ್ರೇಮೇ ವಿಲ್ಲಿಸ್‌ದು, ತಗಡು ಮಾತ್ರ ಫೋರ್ಡ್‌ದು. ಇಲ್ಲವೇ ಫ್ರೇಮ್ ಫೋರ್ಡ್‌ದೇ, ಯಾವಾಗಲೋ ಮುಂದಿನ ಅಡ್ಡಪಟ್ಟಿ ಕಿತ್ತು ಪೈಪ್ ಹಾಕಿದ್ದಾರೆ. ಇವೆರಡರಲ್ಲಿ ಯಾವುದು ಎಂದು ಹೇಳಬೇಕಾದದ್ದು ತಗಡಲ್ಲ, ಪೈಪಿನ ಎರಡು ತುದಿಗಳು.

ಅಲ್ಲಿಗೆ ಬರುವ ಮುಂಚೆ ಈ ಗೊಂದಲ ಯಾಕೆ ಹುಟ್ಟುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಜೀಪಿನ ಗುತ್ತಿಗೆ ಸಿಕ್ಕಿದ್ದು ಅಮೆರಿಕದ ಒಹಾಯೋ ರಾಜ್ಯದ ಟೊಲೆಡೊದಲ್ಲಿದ್ದ ವಿಲ್ಲಿಸ್-ಓವರ್‌ಲ್ಯಾಂಡ್ ಕಂಪನಿಗೆ. ಅವರೊಬ್ಬರಿಂದ ಸೈನ್ಯಕ್ಕೆ ಬೇಕಾದಷ್ಟು ಗಾಡಿ ಮಾಡಲು ಆಗುವುದಿಲ್ಲ ಎಂದು 1941ರ ಕೊನೆಯಲ್ಲಿ ಫೋರ್ಡ್ ಕಂಪನಿಗೂ ಅದೇ ನಕ್ಷೆ ಕೊಟ್ಟರು. ಜಿಪಿಡಬ್ಲ್ಯು ಎನ್ನುವ ಹೆಸರಿನಲ್ಲೇ ಅದು ಇದೆ. ಜಿ ಎಂದರೆ ಸರ್ಕಾರದ ಕೆಲಸ, ಪಿ ಎಂದರೆ 80 ಇಂಚಿನ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ), ಡಬ್ಲ್ಯು ಎಂದರೆ ವಿಲ್ಲಿಸ್ ನಕ್ಷೆ. 1945ರ ವೇಳೆಗೆ ವಿಲ್ಲಿಸ್ ಸುಮಾರು 3.6 ಲಕ್ಷ, ಫೋರ್ಡ್ ಸುಮಾರು 2.8 ಲಕ್ಷ ಜೀಪು ಮಾಡಿ ಮುಗಿಸಿದ್ದವು. ಒಂದರ ಭಾಗ ಇನ್ನೊಂದಕ್ಕೆ ಕೂರಲೇಬೇಕು ಎನ್ನುವುದು ಸೈನ್ಯದ ಷರತ್ತು. ರಿಪೇರಿ ಡಿಪೋಗಳಲ್ಲಿ ಗಾಡಿಗಳನ್ನು ಪೂರ್ತಿ ಬಿಚ್ಚಿ, ಕೈಗೆ ಸಿಕ್ಕಿದ ಭಾಗ ಹಾಕಿ ಮತ್ತೆ ಕಟ್ಟುತ್ತಿದ್ದರು. ಇದು ಯಾರದು, ಅದು ಯಾರದು ಎಂದು ನೋಡುವ ಪುರುಸೊತ್ತು ಯುದ್ಧದ ನಡುವೆ ಯಾರಿಗೂ ಇರಲಿಲ್ಲ.

ಬಾಡಿಯಿಂದ ಕಂಡುಹಿಡಿಯಬಹುದಲ್ವಾ ಎಂದು ನೀವು ಕೇಳಬಹುದು. ಸ್ವಲ್ಪ ಮಟ್ಟಿಗೆ ಮಾತ್ರ. ಮೊದಮೊದಲ ಜೀಪುಗಳ ಹಿಂಬದಿ ತಗಡಿನಲ್ಲಿ ಕಂಪನಿಯ ಹೆಸರು ಒತ್ತಿರುತ್ತಿತ್ತು. 1942ರಲ್ಲಿ ಸೈನ್ಯ ಅದನ್ನು ನಿಲ್ಲಿಸಿತು. ಆಮೇಲೆ ಯುದ್ಧದ ಕೊನೆಯ ಭಾಗದಲ್ಲಿ ಎರಡೂ ಕಂಪನಿಗಳು ಒಂದೇ ಕಡೆ ತಯಾರಾದ, ಒಂದೇ ಬಗೆಯ ಬಾಡಿ ಹಾಕಿದವು. ಮೇಲಾಗಿ ಹಳೆಯ ಜೀಪಿನಲ್ಲಿ ಮೊದಲು ತುಕ್ಕು ತಿನ್ನುವುದೇ ಬಾಡಿಯನ್ನು. ಇವತ್ತು ಓಡಾಡುವ ಎಷ್ಟೋ ಗಾಡಿಗಳ ಮೇಲೆ ಇರುವುದು ಹೊಸದಾಗಿ ಮಾಡಿದ ನಕಲು ಬಾಡಿ. ಎಂಜಿನ್ ಅಂತೂ ಯುದ್ಧದ ಕಾಲದಲ್ಲೇ ಎರಡು ಮೂರು ಸಲ ಬದಲಾಗಿರುವುದು ಮಾಮೂಲಿ. ಉಳಿಯುವುದು ಫ್ರೇಮ್. ಗಾಡಿಯ ಗುರುತು ಅಂತ ಏನಾದರೂ ಇದ್ದರೆ ಅದರಲ್ಲೇ ಇರಬೇಕು.

ಈಗ ನಂಬರಿನ ವಿಷಯ. ಎರಡು ಕಂಪನಿಗಳ ಪದ್ಧತಿ ಬೇರೆ ಬೇರೆ. ವಿಲ್ಲಿಸ್ ತನ್ನ ನಂಬರನ್ನು ಒಂದು ಚಿಕ್ಕ ತಗಡಿನಲ್ಲಿ ಒತ್ತಿ, ಮುಂದಿನ ಬಂಪರ್ ಹಿಂದೆ, ಫ್ರೇಮಿನ ಎರಡು ಪಕ್ಕದ ಉದ್ದ ತೊಲೆಗಳಲ್ಲಿ ಎಡಗಡೆಯದರ ಒಳಮೈಗೆ ರಿವೆಟ್ ಮಾಡುತ್ತಿತ್ತು. ಫೋರ್ಡ್ ತಗಡು ಹಾಕದೆ ಎಡಗಡೆ ತೊಲೆಯ ಮೇಲ್ಮೈಗೇ, ಎಂಜಿನ್ ಕೂರುವ ಬ್ರಾಕೆಟ್ಟಿನ ಮುಂಭಾಗದಲ್ಲಿ, ನಂಬರ್ ಕುಟ್ಟುತ್ತಿತ್ತು. ವಿಲ್ಲಿಸ್ ಎಂಬಿ ಸರಣಿ ಶುರುವಾಗಿದ್ದು 100001ರಿಂದ. ಹಾಗಾಗಿ ಎಂಬಿ ಎಂದು ಬರೆದು ಐದೇ ಅಂಕಿ ಇರುವ ತಗಡು ಕಂಡರೆ ಅಲ್ಲೇ ನಿಲ್ಲಿ. ಫೋರ್ಡ್ ಸರಣಿ 1ರಿಂದ ಶುರುವಾಗಿ 2.8 ಲಕ್ಷದ ಒಳಗೇ ಮುಗಿಯಿತು. ಅದಕ್ಕಿಂತ ದೊಡ್ಡ ಜಿಪಿಡಬ್ಲ್ಯು ನಂಬರ್ ಇದ್ದರೆ ಅದು ಯಾರೋ ಆಮೇಲೆ ಕುಟ್ಟಿದ್ದು. ಫೋರ್ಡ್ ಕಾರ್ಖಾನೆಯಿಂದ ಹೊರಟಾಗ ಎಂಜಿನ್ ನಂಬರೂ ಫ್ರೇಮ್ ನಂಬರೂ ಒಂದೇ ಆಗಿರುತ್ತಿದ್ದವು. ವಿಲ್ಲಿಸ್‌ನಲ್ಲಿ ಹಾಗಿರಲಿಲ್ಲ. ವಿಲ್ಲಿಸ್ ಜೀಪಿನ ಎಂಜಿನ್ ನಂಬರ್ ಹೊಂದುತ್ತಿಲ್ಲ ಎಂದು ಗಾಡಿ ಬಿಟ್ಟುಬಿಟ್ಟವರನ್ನು ನೋಡಿದ್ದೇನೆ, ಪಾಪ, ಒಳ್ಳೆಯ ಗಾಡಿ ಕಳೆದುಕೊಂಡರು.

ಡ್ಯಾಶಿನ ತಗಡನ್ನು ನಾನು ಸಾಕ್ಷಿ ಎಂದೇ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಅದನ್ನು ಹೊಸದಾಗಿ ಮಾಡಿಸುವುದು ತೀರಾ ಸುಲಭ, ಬೇಕಾದ ನಂಬರ್ ಒತ್ತಿಸಿಕೊಳ್ಳಬಹುದು. ವಿಲ್ಲಿಸ್ ಫ್ರೇಮಿನ ಚಿಕ್ಕ ತಗಡಿಗೂ ಇದೇ ಮಾತು. ಎಷ್ಟೋ ಸಲ ಮಾಡಿಸಿದವರು ಮೋಸ ಮಾಡಬೇಕು ಅಂತ ಮಾಡಿಸಿರುವುದಿಲ್ಲ. ಹಳೆಯದು ಕಳೆದುಹೋಗಿರುತ್ತದೆ, ನೋಡಲು ಚೆನ್ನಾಗಿರಲಿ ಎಂದು ಹಾಕಿರುತ್ತಾರೆ. ಗಾಡಿ ಎರಡು ಕೈ ಬದಲಾದ ಮೇಲೆ ಅದೇ ಸತ್ಯ ಆಗಿಬಿಡುತ್ತದೆ.

ನನ್ನ ಮೊದಲ ಜೀಪು ನನಗೆ ಇದನ್ನು ಕಲಿಸಿತು. ವಿಲ್ಲಿಸ್ ಎಂಬಿ ಎಂದು ಕೊಂಡೆ. ಮುಂದೆ ದುಂಡು ಪೈಪ್ ಇತ್ತು, ಒಳಮೈಯಲ್ಲಿ ತಗಡು ಇತ್ತು, ಆರಂಕಿಯ ನಂಬರ್ ಇತ್ತು. ಎಲ್ಲಾ ಸರಿಯಿದೆ ಎಂದುಕೊಂಡು ಎರಡು ವರ್ಷ ಓಡಿಸಿದೆ. ಆಮೇಲೆ ಬಾಡಿ ಎತ್ತಿ ಫ್ರೇಮಿನ ಬಣ್ಣ ತೆಗೆಯುವಾಗ ಎಡಗಡೆ ತೊಲೆಯ ಮೇಲೆ, ಎಂಜಿನ್ ಬ್ರಾಕೆಟ್ಟಿನ ಮುಂದೆ, ಅಂಗೈ ಅಗಲದ ಜಾಗ ನುಣ್ಣಗೆ ಸಿಕ್ಕಿತು. ಸುತ್ತ ಎಲ್ಲಾ ಕಡೆ ತುಕ್ಕು ತಿಂದ ಸಣ್ಣ ಸಣ್ಣ ಕುಳಿ, ಅಲ್ಲಿ ಮಾತ್ರ ಒಂದೂ ಇಲ್ಲ. ಎಪ್ಪತ್ತು ಎಂಬತ್ತು ವರ್ಷ ಮಳೆ ಕೆಸರು ಕಂಡ ಕಬ್ಬಿಣಕ್ಕೆ ಹಾಗೆ ಒಂದು ಕಡೆ ಮಾತ್ರ ತುಕ್ಕು ಹಿಡಿಯದೆ ಇರುವುದಿಲ್ಲ. ಟಾರ್ಚನ್ನು ತೊಲೆಗೆ ಒತ್ತಿ ಹಿಡಿದು ಓರೆಯಾಗಿ ಬೆಳಕು ಬಿಟ್ಟಾಗ ಜಿ ಅಕ್ಷರದ ಅರ್ಧ ವೃತ್ತ ಕಂಡಿತು. ಯಾರೋ ಗ್ರೈಂಡರಿನಲ್ಲಿ ಫೋರ್ಡ್ ನಂಬರ್ ಉಜ್ಜಿ ತೆಗೆದಿದ್ದರು. ಆಮೇಲೆ ಪೈಪಿನ ತುದಿಗಳ ಹತ್ತಿರ ಹೋದೆ. ಹಳೆಯ ರಿವೆಟ್ ತೂತುಗಳಿಗೆ ಬೆಸುಗೆ ತುಂಬಿಸಿ ಉಜ್ಜಿದ್ದರು, ಪಕ್ಕದಲ್ಲಿ ಪೈಪನ್ನು ವೆಲ್ಡ್ ಮಾಡಿದ್ದರು. ಅಂದರೆ ಅದು ಫೋರ್ಡ್ ಫ್ರೇಮು, ಅದಕ್ಕೆ ವಿಲ್ಲಿಸ್ ಪೈಪು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗಾಡಿಯ ಮೇಲೆ ಬೇಜಾರಾಗಲಿಲ್ಲ, ಎರಡು ವರ್ಷ ಅದರ ಅಸಲಿ ಹೆಸರೇ ನನಗೆ ಗೊತ್ತಿರಲಿಲ್ಲವಲ್ಲ ಎನ್ನುವುದೇ ಮನಸ್ಸಿಗೆ ಚುಚ್ಚುತ್ತಿತ್ತು.

ಹಾಗಾಗಿ ನಾನು ಈಗ ನೋಡುವುದು ಜೋಡಣೆಯನ್ನು. ಯುದ್ಧಕಾಲದ ಜೀಪಿನ ಉದ್ದ ತೊಲೆಗಳು ಪ್ರೆಸ್ಸಿನಲ್ಲಿ ಒತ್ತಿ ಮಡಿಸಿದ ಚಾನೆಲ್, ಅಂದರೆ ಒಂದು ಪಕ್ಕ ತೆರೆದಿರುವ ತೊಟ್ಟಿಯಂಥ ಉಕ್ಕು. ಅಡ್ಡಪಟ್ಟಿಗಳು, ಬ್ರಾಕೆಟ್ಟುಗಳು ಸೇರಿದ್ದು ಹೆಚ್ಚಿನ ಕಡೆ ರಿವೆಟ್ಟಿನಿಂದ, ಕೆಲವು ಕಡೆ ಬೆಸುಗೆಯಿಂದ. ಕಾರ್ಖಾನೆಯ ರಿವೆಟ್ ತಲೆ ಗುಂಡಗೆ, ಸಾಲಿನಲ್ಲಿ ಎಲ್ಲವೂ ಒಂದೇ ಎತ್ತರ ಇರುತ್ತವೆ. ರಿವೆಟ್ ತಲೆ ಮತ್ತು ತಗಡಿನ ನಡುವೆ ಸಂದು ಇರುವುದಿಲ್ಲ. ರಿವೆಟ್ ಇರಬೇಕಾದ ಕಡೆ ಬೋಲ್ಟ್ ಇದ್ದರೆ ಆ ಭಾಗ ಒಮ್ಮೆ ಬಿಚ್ಚಿದ್ದು ಖಂಡಿತ. ಕೆಲವರು ಗುಂಡು ತಲೆಯ ಬೋಲ್ಟ್ ಹಾಕಿ ರಿವೆಟ್ಟಿನ ಹಾಗೆ ಕಾಣಿಸುತ್ತಾರೆ. ಅದಕ್ಕೇ ಹೊರಗಿನಿಂದ ನೋಡಿ ಸುಮ್ನೆ ಬರಬೇಡಿ, ಚಾನೆಲ್ ಒಳಗೆ ಕೈ ಹಾಕಿ. ನಟ್ ಕೈಗೆ ಸಿಗುತ್ತದೆ.

ಬೆಸುಗೆಯನ್ನು ಓದುವುದು ಸ್ವಲ್ಪ ಅಭ್ಯಾಸದ ಕೆಲಸ. 1940ರ ದಶಕದ ಕಡ್ಡಿ ವೆಲ್ಡಿಂಗ್ ಕೈಯ ಓಟದ ಹಾಗೆ ಇರುತ್ತದೆ, ಅಗಲ ಕಿರಿದು ಆಗುತ್ತಾ ಹೋಗುತ್ತದೆ. ಈಗಿನ ತಂತಿ ವೆಲ್ಡಿಂಗ್ ಸಣ್ಣಗೆ, ಒಂದೇ ಸಮ ಸಾಗುತ್ತದೆ. ಅದಕ್ಕಿಂತ ಜಾಸ್ತಿ ಮುಖ್ಯವಾದದ್ದು ಬೆಸುಗೆ ಉಜ್ಜಿದ ಗುರುತು. ಯುದ್ಧಕಾಲದಲ್ಲಿ ಫ್ರೇಮಿನ ಬೆಸುಗೆಯನ್ನು ಚೆಂದಕ್ಕಾಗಿ ಉಜ್ಜಿ ನುಣುಪು ಮಾಡುತ್ತಾ ಯಾರು ಕೂರುತ್ತಾರೆ ಹೇಳಿ? ನುಣುಪು ಮಾಡಿದ ಬೆಸುಗೆ ಕಂಡರೆ ಏನನ್ನೋ ಮುಚ್ಚಿದ್ದಾರೆ ಎಂದುಕೊಂಡೇ ಹುಡುಕಿ. ಉದ್ದ ತೊಲೆಯ ನಡುಭಾಗದಲ್ಲಿ, ಬಾಡಿಯ ಕೆಳಗೆ, ಅಡ್ಡಡ್ಡ ಅಥವಾ ಓರೆಯಾಗಿ ಬೆಸುಗೆ ಗೆರೆ ಇದ್ದರೆ ಎರಡು ಫ್ರೇಮಿನ ಅರ್ಧರ್ಧ ಸೇರಿಸಿದ್ದೂ ಇರಬಹುದು. ಇದು ಬರೀ ಅಸಲಿತನದ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ. ಅಂಥ ಗಾಡಿಯನ್ನು ಪರೀಕ್ಷೆ ಮಾಡಿಸದೆ ರಸ್ತೆಗೆ ಇಳಿಸಬೇಡಿ. ಆದರೆ ಸ್ಟೀರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ, ಸ್ಪ್ರಿಂಗನ್ನು ಫ್ರೇಮಿಗೆ ಹಿಡಿಯುವ ಹ್ಯಾಂಗರ್ ಹತ್ತಿರ ಬಿರುಕಿಗೆ ಹಾಕಿದ ತೇಪೆ ಕಂಡರೆ ಗಾಬರಿ ಬೇಡ. ಹೆಚ್ಚು ಒತ್ತಡ ಬೀಳುವ ಜಾಗಗಳು ಅವು. ಅಲ್ಲಿ ತೇಪೆ ಇದ್ದರೆ ಗಾಡಿ ದುಡಿದಿದೆ ಎಂದರ್ಥ, ಫ್ರೇಮ್ ಬದಲಾಗಿದೆ ಎಂದಲ್ಲ.

ಒಂದು ಎಚ್ಚರಿಕೆ. ಈ ರಿವೆಟ್ ಲೆಕ್ಕವನ್ನು ಬೇರೆ ಹಳೆಯ ಗಾಡಿಗಳಿಗೆ ಹಾಗೇ ಹಚ್ಚಬೇಡಿ. 1948ರಲ್ಲಿ ಬಂದ ಮೊದಲ ಲ್ಯಾಂಡ್ ರೋವರ್ ವೀಲ್‌ಬೇಸೂ 80 ಇಂಚೇ. ಆದರೆ ದೊಡ್ಡ ಪ್ರೆಸ್ ಅಚ್ಚುಗಳಿಗೆ ಖರ್ಚು ಮಾಡದೆ ಅವರು ಚಪ್ಪಟೆ ಉಕ್ಕಿನ ಪಟ್ಟಿಗಳನ್ನು ಅಂಚಿಗೆ ಅಂಚು ಬೆಸೆದು ಪೆಟ್ಟಿಗೆಯ ಆಕಾರದ ತೊಲೆ ಮಾಡಿದರು. ಅಲ್ಲಿ ಉದ್ದಕ್ಕೂ ಬೆಸುಗೆ ಇರುವುದೇ ಅಸಲಿ. ಯಾವ ಗಾಡಿ ಹೇಗೆ ಕಟ್ಟಿದ್ದು ಎಂದು ಮೊದಲು ತಿಳಿದುಕೊಂಡು ಆಮೇಲೆ ಬಗ್ಗಿ ನೋಡಬೇಕು. ಅಳತೆ ಟೇಪನ್ನೂ ಜಾಸ್ತಿ ನಂಬಬೇಡಿ. ಯುದ್ಧದ ನಂತರ ಬಂದ ನಾಗರಿಕ ಜೀಪುಗಳಾದ ಸಿಜೆ-2ಎ, ಸಿಜೆ-3ಎ, ಸಿಜೆ-3ಬಿ ಮೂರಕ್ಕೂ 80 ಇಂಚೇ ವೀಲ್‌ಬೇಸ್.

ಫೋರ್ಡ್ ತನ್ನ ಬೋಲ್ಟು, ಬ್ರಾಕೆಟ್ಟುಗಳ ಮೇಲೆ ಎಫ್ ಅಕ್ಷರ ಒತ್ತುತ್ತಿದ್ದದ್ದು ನಿಜ. ಮಾರುವವರು ಅದನ್ನೇ ದೊಡ್ಡ ಸಾಕ್ಷಿಯಾಗಿ ತೋರಿಸಬಹುದು. ಬೋಲ್ಟ್ ಬಿಚ್ಚಿ ಇನ್ನೊಂದು ಗಾಡಿಗೆ ಹಾಕಲು ಹತ್ತು ನಿಮಿಷ ಸಾಕು. ಎಫ್ ಗುರುತು ಕಂಡರೆ ಖುಷಿಪಡಿ, ಆದರೆ ಅದರಿಂದ ಫ್ರೇಮಿನ ಬಗ್ಗೆ ತೀರ್ಮಾನ ಮಾಡಬೇಡಿ.

ನಂಬರ್ ಹುಡುಕುವಾಗ ದಯವಿಟ್ಟು ಗ್ರೈಂಡರ್ ಮುಟ್ಟಬೇಡಿ, ಯಾರಿಗೂ ಮುಟ್ಟಲು ಬಿಡಬೇಡಿ. ಕುಟ್ಟಿದ ಅಂಕಿಗಳ ಆಳ ಬಹಳ ಕಡಿಮೆ. ಒಂದು ಸಲ ಹೋದರೆ ಹೋಯಿತು. ಪೇಂಟ್ ರಿಮೂವರ್ ಹಚ್ಚಿ, ಬಣ್ಣ ಮೆತ್ತಗಾಗುವವರೆಗೆ ಕಾದು, ಮರದ ಚಕ್ಕೆಯಿಂದ ಕೆರೆಯಿರಿ. ಆಮೇಲೆ ಮೃದುವಾದ ಬ್ರಷ್. ಸೀಮೆಸುಣ್ಣ ಉಜ್ಜಿ ಬಟ್ಟೆಯಿಂದ ಒರೆಸಿದರೆ ಪುಡಿ ಅಂಕಿಗಳ ಒಳಗೆ ಉಳಿದು ಬೆಳ್ಳಗೆ ಎದ್ದು ಕಾಣುತ್ತದೆ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜುವುದೂ ಒಳ್ಳೆಯ ದಾರಿ, ದಾಖಲೆಯಾಗಿ ಇಟ್ಟುಕೊಳ್ಳಬಹುದು. ಪೂರ್ತಿ ಉಜ್ಜಿಹೋದ ನಂಬರನ್ನೂ ಕೆಲವೊಮ್ಮೆ ಆಸಿಡ್ ಹಚ್ಚಿ ಎಬ್ಬಿಸಬಹುದು. ಅಚ್ಚು ಕುಟ್ಟಿದಾಗ ಅಂಕಿಯ ತಳದ ಲೋಹವೂ ಒತ್ತಿಹೋಗಿರುತ್ತದೆ. ಆ ಭಾಗಕ್ಕೂ ಸುತ್ತಲಿನದಕ್ಕೂ ಆಸಿಡ್ ಬೇರೆ ಬೇರೆ ರೀತಿ ತಾಗುತ್ತದೆ. ಆದರೆ ಇದು ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಗೊತ್ತಿರುವವರಿಂದಲೇ ಮಾಡಿಸಿ.

ಇನ್ನು ನಿಮ್ಮ ಜೀಪಿಗೆ ಬರೋಣ. ಮಾರುವವರ ಹತ್ತಿರ ನಾಲ್ಕು ಫೋಟೋ ಕೇಳಿ. ಪೈಪಿನ ಎಡ ತುದಿ, ಬಲ ತುದಿ, ಎಡಗಡೆ ತೊಲೆಯ ಮೇಲ್ಮೈ, ಬಂಪರ್ ಹಿಂದಿನ ಒಳಮೈ. ಪೈಪಿನ ತುದಿಗಳು ಕಾರ್ಖಾನೆಯ ಜೋಡಣೆಯ ಹಾಗೇ ಇದ್ದು, ತೊಲೆಯ ಮೇಲೆ ಸುತ್ತಲಿನಷ್ಟೇ ತುಕ್ಕಿನ ಕುಳಿಗಳಿದ್ದು, ಒಳಮೈಯಲ್ಲಿ ತಗಡು ಅಥವಾ ಅದರ ಹಳೆಯ ತೂತುಗಳಿದ್ದರೆ, ಅದು ವಿಲ್ಲಿಸ್ ಫ್ರೇಮು, ಡ್ಯಾಶ್ ತಗಡು ಬೇರೆ ಗಾಡಿಯದ್ದು. ಪೈಪಿನ ತುದಿಯಲ್ಲಿ ತುಂಬಿಸಿದ ತೂತು, ಹೊಸ ಬೆಸುಗೆ ಕಂಡು, ತೊಲೆಯ ಮೇಲೆ ನಂಬರ್ ಇದ್ದರೆ ಅದು ಫೋರ್ಡ್ ಫ್ರೇಮೇ. ಆಗ ಆ ನಂಬರನ್ನು ಕಾಗದಪತ್ರದ ನಂಬರಿಗೆ ಹೋಲಿಸಿ. ಕೆಲವು ಹಳೆಯ ನೋಂದಣಿಗಳಲ್ಲಿ ಫ್ರೇಮಿನ ಬದಲು ಎಂಜಿನ್ ನಂಬರ್ ಬರೆದಿರುತ್ತಾರೆ, ಅದನ್ನೂ ಗಮನಿಸಿ. ನಂಬರ್ ಉಜ್ಜಿದ ಗುರುತು ಸಿಕ್ಕಿ, ಕಾಗದದಲ್ಲಿ ಅದಕ್ಕೆ ವಿವರಣೆ ಇಲ್ಲದಿದ್ದರೆ ಮಾತ್ರ ಕೊಳ್ಳಬೇಡಿ. ಕದ್ದ ಗಾಡಿಯೂ ಆಗಿರಬಹುದು.

ಡಿಪೋದಲ್ಲಿ ಬೆರೆಸಿ ಕಟ್ಟಿದ ಜೀಪು ಎಂದು ಗೊತ್ತಾದರೆ ಬೇಸರ ಮಾಡಿಕೊಳ್ಳಬೇಡಿ. ಸೈನ್ಯವೇ ಹಾಗೆ ಕಟ್ಟಿ, ಹಾಗೆಯೇ ಓಡಿಸಿದ ಗಾಡಿ ಅದು. ನಾನಂತೂ ನನ್ನ ಫ್ರೇಮಿನ ಪೈಪನ್ನು ಹಾಗೇ ಬಿಟ್ಟಿದ್ದೇನೆ. ವಿಲ್ಲಿಸ್ ತಗಡು ಮಾತ್ರ ತೆಗೆದು ಡಬ್ಬಿಯಲ್ಲಿ ಇಟ್ಟೆ. ಎಡಗಡೆ ತೊಲೆಯ ಮೇಲೆ ಉಳಿದ ಆ ಅರ್ಧ ಜಿ ಅಕ್ಷರದ ಮೇಲೆ ದಪ್ಪ ಬಣ್ಣ ಹೊಡೆಯದೆ ತೆಳುವಾಗಿ ಎಣ್ಣೆ ಸವರುತ್ತಿರುತ್ತೇನೆ.

ಫೋಟೋ ಸಿಕ್ಕ ಮೇಲೆ ಪೈಪಿನ ತುದಿಗಳದ್ದನ್ನು ಮೊದಲು ನನಗೆ ತೋರಿಸಿ, ನೋಡಿ ಹೇಳುತ್ತೇನೆ.